ಒಗೆಯಬಾರದ ಬಟ್ಟೆಗಳು

ಜಗಳ ಶುರುವಾದದ್ದು ಒಂದು ಭಾನುವಾರ ಮಧ್ಯಾಹ್ನ, ತಟ್ಟೆಗೆ ಇನ್ನೂ ಬೇಳೆ ಬೀಳುವುದಕ್ಕೆ ಮೊದಲು. ಸೊಸೆ ತನ್ನ ಚೀಲದಿಂದ ಒಂದು ಹಾಳೆ ತೆಗೆದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು.

"ಮಾವ, ಓದಿ ನೋಡಿ. ಸಹಿ ಹಾಕಲೇಬೇಕು ಅಂತೇನಿಲ್ಲ."

ಯಜಮಾನರು ಮೇಲಿನ ಎರಡು ಸಾಲು ಓದಿದರು. ಊರಾಚೆಯ ಹಳೆಯ ಕಲ್ಲಿದ್ದಲು ಸ್ಥಾವರಕ್ಕೆ ಇನ್ನೂ ಹದಿನೈದು ವರ್ಷ ಆಯುಸ್ಸು ಕೊಡಬಾರದು, ರಾಜ್ಯಕ್ಕೆ ಬೇಕಾದ ವಿದ್ಯುತ್ತನ್ನು ಗಾಳಿಯಿಂದ, ಬಿಸಿಲಿನಿಂದ ತೆಗೆಯಬೇಕು ಎಂದು ವಿದ್ಯುತ್ ಆಯೋಗಕ್ಕೆ ಬರೆದ ಮನವಿ ಅದು. ಅವರು ಆ ಸ್ಥಾವರದಲ್ಲೇ ಬಾಯ್ಲರ್ ಪಾಳಿಯ ಮೇಲ್ವಿಚಾರಕರು. ನಿವೃತ್ತಿಗೆ ಎರಡು ವರ್ಷ ಬಾಕಿ.

"ಸರಿ ಹೋಯ್ತು. ಊಟಕ್ಕೆ ಉಪ್ಪಿನಕಾಯಿ ಇಲ್ವಲ್ಲಾ ಅಂದ್ಕೊಂಡಿದ್ದೆ, ಬಂತು," ಎಂದು ಹಾಳೆಯನ್ನು ಬೆರಳಿನಿಂದ ಆಚೆ ತಳ್ಳಿದರು.

"ಮೂರನೇ ಬೇಡಿಕೆ ಓದಿ ಮಾವ. ಸ್ಥಾವರದಲ್ಲಿ ಇರೋರಿಗೇ ಮೊದಲು ಹೊಸ ಕೆಲಸ ಕೊಡ್ಬೇಕು, ಕಲಿಯೋ ಅಷ್ಟು ದಿನ ಪೂರ್ತಿ ಸಂಬಳ ಕೊಡ್ಬೇಕು ಅಂತಿದೆ."

"ರಾತ್ರಿ ಹೊತ್ತು ಬಿಸಿಲು ಎಲ್ಲಿಂದ ತರ್ತೀಯಮ್ಮ? ಪಕ್ಕದ ಮನೆಯಿಂದ ಕೈಸಾಲಾನಾ?"

"ಹಗಲು ಮಿಕ್ಕಿದ್ದನ್ನ ಬ್ಯಾಟರಿಯಲ್ಲಿ ಕೂಡಿಡ್ತಾರೆ. ಗಾಳಿ ರಾತ್ರೀನೂ ಬೀಸತ್ತೆ. ನಿಮ್ಮ ಬಾಯ್ಲರ್ ಮಾತ್ರ ವರ್ಷಕ್ಕೆ ಎರಡು ತಿಂಗಳು ರಿಪೇರಿಗೆ ಮಲಗಲ್ವಾ?"

ಮಗನಿಗೆ ನಗು ಬಂತು. ಅಪ್ಪನ ಮುಖ ನೋಡಿ ಅದನ್ನು ಕೆಮ್ಮಿಗೆ ತಿರುಗಿಸಿದ. ಅವನೂ ಅದೇ ಸ್ಥಾವರದವನು. ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಮೇಲೆ ಗುತ್ತಿಗೆ ಕೆಲಸ.

"ನಗು, ನಗು. ಬೆಲ್ಟ್ ನಿಂತ ದಿನ ನಗೋದು ಗೊತ್ತಾಗತ್ತೆ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ."

"ನಾನು ಉಣ್ಣೋದು ಮೀಟರ್ ಓದಿದ ದುಡ್ಡಲ್ಲಿ ಮಾವ," ಎಂದಳು ಸೊಸೆ. ದನಿ ಏರಿಸಲಿಲ್ಲ. ದಿನಕ್ಕೆ ನೂರು ಮನೆಯ ವಿದ್ಯುತ್ ಮೀಟರ್ ಓದುವುದು ಅವಳ ಕೆಲಸ. "ನೂರು ಮನೆ ಬಾಗಿಲು ತಟ್ತೀನಿ. ಬಾಗಿಲು ತೆಗೆಯೋಕೆ ಮುಂಚೆ ಒಳಗಿಂದ ಕೆಮ್ಮು ಕೇಳತ್ತೆ."

"ಮೊದಲು ಊಟ ಮಾಡಿ, ಮೊಟ್ಟೆ ಆರಿಹೋಗತ್ತೆ," ಎಂದಳು ಯಜಮಾನರ ಹೆಂಡತಿ ಲಾಂಡ್ರಿಯಮ್ಮ. ಇಂಥ ಹೊತ್ತಿನಲ್ಲಿ ಆಕೆಗೆ ಬೇರೆ ಮಾತು ಹೊಳೆಯುತ್ತಿರಲಿಲ್ಲ.

ಬೀದಿಯಲ್ಲಿ ಆಕೆಯನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೆರಡು ವರ್ಷ ದುಡಿದವಳು. ಆಕೆಗೆ ನಿವೃತ್ತಿಯಾಗಿ ಮೂರು ವರ್ಷವಾದರೂ ಕೈಗೆ ನಿವೃತ್ತಿಯಾಗಿರಲಿಲ್ಲ. ಒಮ್ಮೆ ಮನೆಗೆ ಬಂದ ನೆಂಟರೊಬ್ಬರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವರ ಕರವಸ್ತ್ರ ಒಗೆದು ಇಸ್ತ್ರಿ ಮಾಡಿ ಕೈಗಿಟ್ಟಿದ್ದಳು. ನೆಂಟರು ಮತ್ತೆ ಬರಲಿಲ್ಲ.

ಆ ಭಾನುವಾರದ ನಂತರ ಮನೆಯಲ್ಲಿ ಎರಡು ಪಾಳಿಯ ಊಟ. ಮಾವನದು ಏಳಕ್ಕೆ, ಸೊಸೆಯದು ಎಂಟಕ್ಕೆ. ಮಗ ಎರಡೂ ಪಾಳಿಯಲ್ಲಿ ಅರ್ಧರ್ಧ ಉಂಡು ಎರಡು ಕಡೆಯೂ ಬೈಸಿಕೊಳ್ಳುತ್ತಿದ್ದ. ಲಾಂಡ್ರಿಯಮ್ಮ ಬೇಳೆಯನ್ನು ಎರಡು ಸಲ ಬಿಸಿ ಮಾಡುತ್ತಿದ್ದಳು. ಸರಿ ಯಾರದು ಎಂದು ಯಾರೂ ಆಕೆಯನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ಆಕೆಗೂ ಗೊತ್ತಿರಲಿಲ್ಲ.

ಆ ಮನವಿ ಬರೆದ ಬೀದಿಯ ಸಮಿತಿಯಲ್ಲಿ ಸೊಸೆಯೂ ಇದ್ದಳು. ಸಮಿತಿಯವರು ಒಂದು ಉಪಾಯ ಮಾಡಿದ್ದರು. ಪಕ್ಕದ ಮನೆಯ ದರ್ಜಿಯಮ್ಮ ಒಂದೇ ಥಾನಿನಿಂದ ನಲವತ್ತು ಬಿಳಿ ತುಂಡು ಕತ್ತರಿಸಿದಳು. ನಲವತ್ತು ಮನೆಯ ಕಿಟಕಿಗೆ ನಲವತ್ತು ತುಂಡು, ಚಿಮಣಿಯ ಮಸಿ ಎಷ್ಟು ಕೂರುತ್ತದೆ ನೋಡಲು, ಒಂದು ತಿಂಗಳು. ಯಾವ ಮನೆಯದು ಎಂಬ ಚೀಟಿಯನ್ನು ತುಂಡಿಗೆ ಪಿನ್ನು ಹಾಕಿ, ಆಯೋಗದ ಬಹಿರಂಗ ವಿಚಾರಣೆಯ ದಿನ ಮೇಜಿನ ಮೇಲೆ ಹರಡುವುದು. ಅಂಕಿ ಅಂಶ ಬೇಡ, ನೀವೇ ನೋಡಿ ಎನ್ನುವುದು. ಮಾವನ ಕಣ್ಣಿಗೆ ಬೀಳದಿರಲಿ ಎಂದು ಸೊಸೆ ತನ್ನ ಮನೆಯ ಕಿಟಕಿಗೆ ಮಾತ್ರ ಕಟ್ಟಲಿಲ್ಲ. ಅತ್ತೆಗೂ ವಿವರ ಹೇಳಲಿಲ್ಲ.

ವಿಚಾರಣೆಗೆ ಎರಡು ದಿನ ಇರುವಾಗ ದರ್ಜಿಯಮ್ಮ ನಲವತ್ತನ್ನೂ ಒಟ್ಟು ಮಾಡಿ ಗಂಟು ಕಟ್ಟಿ ತಂದಳು. ಸೊಸೆ ಕೆಲಸಕ್ಕೆ ಹೋಗಿದ್ದಳು.

"ನಿಮ್ಮ ಸೊಸೆಗೆ ಕೊಡಿ. ನಾಳಿದ್ದು ಅಧಿಕಾರಿಗಳ ಮುಂದೆ ಇಡಬೇಕಂತೆ," ಎಂದು ಹಿತ್ತಲ ಮೆಟ್ಟಿಲ ಮೇಲೆ ಇಟ್ಟು, ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದೀನಿ ಎಂದು ಓಡಿದಳು.

ಲಾಂಡ್ರಿಯಮ್ಮ ಗಂಟು ಬಿಚ್ಚಿದಳು. ಬೂದುಗಪ್ಪು ಬಟ್ಟೆಗಳು. ಪ್ರತಿಯೊಂದಕ್ಕೂ ಪಿನ್ನು ಹಾಕಿದ ನಂಬರ್ ಚೀಟಿ. ಮೂವತ್ತೆರಡು ವರ್ಷ ಆಸ್ಪತ್ರೆಯ ವಾರ್ಡುಗಳಿಂದ ಬಟ್ಟೆ ಬರುತ್ತಿದ್ದದ್ದು ಹೀಗೆಯೇ: ಗಂಟು, ಪಿನ್ನು, ಚೀಟಿ. ಕೈ ಯಾರನ್ನೂ ಕೇಳಲಿಲ್ಲ. ಚೀಟಿಗಳನ್ನು ಬಿಡಿಸಿ ಒಂದರ ಮೇಲೊಂದು ಕ್ರಮವಾಗಿ ಡಬ್ಬಿಯಲ್ಲಿಟ್ಟಳು. ಬಿಸಿನೀರು, ಸೋಡಾ, ಸಾಬೂನು. ಅಧಿಕಾರಿಗಳ ಮುಂದೆ ಇಡುವುದಂತೆ, ಇಷ್ಟು ಕೊಳಕಾಗಿಯೇ ಇಡುತ್ತಾರೆಯೇ, ಸೊಸೆಗೆ ಒಂದಿಷ್ಟು ಸಹಾಯವಾಗಲಿ ಎಂದುಕೊಂಡಳು. ಮೊದಲನೇ ನೀರು ಮಸಿಯಾಗಿ ಚರಂಡಿಗೆ ಹರಿದಾಗ ಮಾತ್ರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಎರಡನೇ ನೀರು ಹಾಕಿದಳು.

ಸಂಜೆ ಸೊಸೆ ಬಂದಾಗ ಮೇಜಿನ ಮೇಲೆ ನಲವತ್ತು ಬಟ್ಟೆ, ಮಲ್ಲಿಗೆಯಂತೆ ಬಿಳುಪಾಗಿ, ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಚೀಟಿಗಳೆಲ್ಲ ಸರಿಯಾದ ಕ್ರಮದಲ್ಲಿ, ಹೊಸ ಪಿನ್ನಿನಲ್ಲಿ.

ಸೊಸೆ ಕೂಗಾಡಲಿಲ್ಲ. ಕುರ್ಚಿ ಎಳೆದು ಕುಳಿತಳು.

"ಎಷ್ಟು ನೀರಲ್ಲಿ ಒಗೆದ್ರಿ ಅತ್ತೆ?"

"ಆರು."

"ಆರು," ಎಂದಳು ಸೊಸೆ. ಎದ್ದು ಕೈಕಾಲು ತೊಳೆಯಲು ಹೋದಳು.

ಕೂಗಾಡುವ ಕೆಲಸವನ್ನು ದರ್ಜಿಯಮ್ಮ ವಹಿಸಿಕೊಂಡಳು. ಬೀದಿಗೆ ಕೇಳುವಂತೆ, ಗೋಡೆಯಾಚೆಯಿಂದ: "ಗೊತ್ತಿಲ್ದೆ ಒಗೆದ್ಲಂತೆ! ಹಾಲು ಕುಡಿಯೋ ಮಗು ಪಾಪ! ಗಂಡನ ಕುರ್ಚಿ ಉಳೀಬೇಕಲ್ಲ, ಸಾಬೂನು ಕರಗಿಸಿದ್ಲು. ಅತ್ತೆ ಬುದ್ಧಿ ಎಲ್ಲಿಗೆ ಹೋಗತ್ತೆ?"

ಊರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಲಾಂಡ್ರಿಯಮ್ಮನನ್ನು ಕೊರೆದದ್ದು ಊರ ಬಾಯಲ್ಲ. ಆ ಎರಡನೇ ನೀರು. ಬೇಕಂತ ಮಾಡಿದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ ಎಂದು ಗಟ್ಟಿಯಾಗಿ ಹೇಳಲು ಆಗಲಿಲ್ಲ.

ಯಜಮಾನರು ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಪಾಳಿ ಮುಗಿಸಿ ಬರುವಾಗ ಕೈಯಲ್ಲಿ ಒಂದು ದೊಡ್ಡ ಬಿಸ್ಕತ್ತಿನ ಪೊಟ್ಟಣ.

"ತಗೊಳ್ಳೇ. ನಮ್ಮ ಯೂನಿಯನ್ ಕಾರ್ಯದರ್ಶಿ ಕೊಟ್ಟಿದ್ದು. ಮುನ್ನೂರು ಜನ ಸೇರಿ ಮಾಡೋಕೆ ಆಗ್ದಿದ್ದನ್ನ ನಿಮ್ಮ ಮನೆಯವ್ರು ಒಂದು ಬಕೆಟ್ಟಲ್ಲಿ ಮಾಡಿದ್ರು ಅಂದ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಒಳಗೆ ಹೋದಳು. ಆ ಪೊಟ್ಟಣವನ್ನು ಲಾಂಡ್ರಿಯಮ್ಮ ಬಿಚ್ಚಲಿಲ್ಲ. ಬೈಗುಳ ತಡೆದುಕೊಂಡವಳಿಗೆ ಈ ಬಹುಮಾನ ತಡೆಯಲಾಗಲಿಲ್ಲ.

ವಿಚಾರಣೆಯ ದಿನ ಆಕೆ ಯಾರಿಗೂ ಹೇಳದೆ ಸಭಾಂಗಣಕ್ಕೆ ಹೋದಳು. ಒಂದು ಬದಿಯಲ್ಲಿ ಸ್ಥಾವರದವರು, ನಡುವೆ ಗಂಡ, ಹಿಂದಿನ ಸಾಲಿನಲ್ಲಿ ಮಗ. ಇನ್ನೊಂದು ಬದಿಯಲ್ಲಿ ಸಮಿತಿಯವರು. ವೇದಿಕೆಯ ಮೇಲೆ ಆಯೋಗದ ಅಧ್ಯಕ್ಷೆ, ನೆಗಡಿ ಹಿಡಿದು ಮೂಗು ಒರೆಸಿಕೊಳ್ಳುತ್ತಿದ್ದರು. ಸೊಸೆ ಮಾತಾಡುತ್ತಿದ್ದಳು. ಪಕ್ಕದ ರಾಜ್ಯದಲ್ಲಿ ಹಳೆಯ ಸ್ಥಾವರದ ತಂತಿಗಳಿಗೇ ಗಾಳಿಯಂತ್ರ ಜೋಡಿಸಿದ್ದು, ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಈಗ ಅದನ್ನು ನೋಡಿಕೊಳ್ಳುತ್ತಿರುವುದು, ಎಲ್ಲ ಹೇಳಿದಳು.

ಸ್ಥಾವರದ ವಕೀಲ ಎದ್ದ. "ಮಸಿ ಬೀಳುತ್ತೆ ಅಂದ್ರಿ. ಸಾಕ್ಷಿ?"

ಸೊಸೆ ಕೈಯಲ್ಲಿದ್ದ ಹಾಳೆ ಮಡಚಿದಳು. ಅತ್ತೆಯ ಹೆಸರೆತ್ತಲು ಬಾಯಿ ಬರಲಿಲ್ಲ.

"ಸಾಕ್ಷಿ ನಾನು ಒಗೆದುಬಿಟ್ಟೆ," ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿದರು. ಲಾಂಡ್ರಿಯಮ್ಮ ಚೀಲ ತಬ್ಬಿಕೊಂಡು ಮುಂದೆ ಬಂದಳು. ಮುಂದೆ ಬಂದ ಮೇಲೆ, ಯಾಕಾದರೂ ಬಂದೆನೋ ಎನಿಸಿತು.

"ನೀವು ಯಾರು?" ಅಧ್ಯಕ್ಷೆ ಕೇಳಿದರು.

"ಅವಳ ಅತ್ತೆ. ಅಲ್ಲಿ ಕೂತಿದ್ದಾರಲ್ಲ, ಅವರ ಹೆಂಡತಿ. ನಲವತ್ತು ಬಟ್ಟೆ ಒಗೆದೆ ತಾಯಿ. ಆಪರೇಷನ್ ಕೋಣೆಯ ಬಟ್ಟೆಗೆ ನಾಲ್ಕು ನೀರು ಸಾಕು. ಇವಕ್ಕೆ ಆರು ಬೇಕಾಯ್ತು. ರಕ್ತ ತಣ್ಣೀರಿಗೆ ಬಿಡತ್ತೆ. ಇದು ಬಿಸಿನೀರು, ಸೋಡಾ ಹಾಕಿ ತಿಕ್ಕಿದ್ರೂ ಜಿಡ್ಡು ಜಿಡ್ಡಾಗಿ ಕೈಗೆ ಅಂಟತ್ತೆ. ನಾಲ್ಕನೇ ನೀರಲ್ಲೂ ಬಕೆಟ್ಟಿನ ತಳ ಕಾಣ್ಲಿಲ್ಲ."

ವಕೀಲ ನಕ್ಕ. "ಗಂಡನ ಕೆಲಸ ಉಳಿಸೋಕೆ ಒಗೆದ್ರಾ ಅಮ್ಮ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಮೊದಲನೇ ನೀರು ಕಪ್ಪಾದಾಗ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅದಕ್ಕೇ ಗೊತ್ತಿಲ್ಲ ಅಂದೆ," ಎಂದು ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. "ಇದು ನನಗೆ ಬಂದ ಬಹುಮಾನ. ಬಿಚ್ಚಿಲ್ಲ. ಯಾರದೋ ಅವರು ತಗೊಳ್ಳಲಿ."

ಸಭೆಯಲ್ಲಿ ನಗು ಎದ್ದಿತು. ಯೂನಿಯನ್ ಕಾರ್ಯದರ್ಶಿ ಶೂಗಳ ಲೇಸು ಸರಿಮಾಡಿಕೊಳ್ಳಲು ಬಗ್ಗಿದ. ಯಜಮಾನರು ಮಾತ್ರ ನಗಲಿಲ್ಲ.

ಅಧ್ಯಕ್ಷೆ ಪಕ್ಕದವರೊಡನೆ ಪಿಸುಗುಟ್ಟಿ, ತೀರ್ಮಾನ ಆರು ವಾರ ಮುಂದಕ್ಕೆ ಎಂದರು. ಆಯೋಗದ ಮುದ್ರೆ ಒತ್ತಿದ ಹೊಸ ನಲವತ್ತು ಬಟ್ಟೆಗಳು ಅಷ್ಟು ದಿನವೂ ಕಿಟಕಿಯಲ್ಲಿರಬೇಕು. ಆದರೆ ಅವುಗಳನ್ನು ಯಾರು ನೋಡಿಕೊಳ್ಳುವುದು? ಸಮಿತಿ ಬೇಡ ಎಂದ ವಕೀಲ. ಸ್ಥಾವರ ಬೇಡ ಎಂದಿತು ಸಮಿತಿ.

"ಈಕೆ ಆಗಬಹುದಾ?" ಎಂದರು ಅಧ್ಯಕ್ಷೆ. "ತನಗೇ ನಷ್ಟವಾಗೋ ಮಾತನ್ನ ಇವತ್ತು ಇಲ್ಲಿ ಆಡಿದ್ದು ಇವರೊಬ್ಬರೇ."

ವಕೀಲ ಬಾಯ್ಲರ್ ಮೇಲ್ವಿಚಾರಕರ ಕಡೆ ಒಂದು ನೋಟ ಹರಿಸಿ, ನಮ್ಮ ಅಭ್ಯಂತರವಿಲ್ಲ ಎಂದ. ದರ್ಜಿಯಮ್ಮ ಸೊಸೆಯ ಮೊಣಕೈ ತಿವಿದು, "ಬೇಡ ಅನ್ನೇ, ಬೇಡ ಅನ್ನು," ಎಂದಳು.

ಸೊಸೆ ಅತ್ತೆಯನ್ನು ನೋಡಿದಳು. "ಅತ್ತೆ ಹತ್ತಿರಾನೇ ಇರಲಿ," ಎಂದಳು.

ಮನೆಯ ಬಾಗಿಲು ತಲುಪಿದಾಗ ಸೊಸೆ, "ಅತ್ತೆ, ಈ ಸಲ ಒಗೆದ್ರೆ ನಿಮ್ಮನ್ನೇ ಬಿಸಿನೀರಲ್ಲಿ ಹಾಕ್ತೀನಿ," ಎಂದಳು. ಲಾಂಡ್ರಿಯಮ್ಮನಿಗೆ ಆ ಬೈಗುಳ ತಂಪಾಗಿತ್ತು.

ಆ ದಿನದಿಂದ ಆಕೆಗೆ ಮತ್ತೆ ನೌಕರಿ ಸಿಕ್ಕಂತಾಯಿತು. ಬೆಳಗ್ಗೆ ಏಳಕ್ಕೆ ನಲವತ್ತು ಮನೆಗೆ ಹೋಗಿ ಕಿಟಕಿಗೆ ಬಟ್ಟೆ ಕಟ್ಟುವುದು, ಹೊತ್ತು ಇಳಿಯುವಾಗ ಬಿಚ್ಚಿ ಮನೆಗೆ ತಂದು ಬೀಗ ಹಾಕುವುದು. ಸಂಜೆಯ ಮೇಲೆ ಬಟ್ಟೆ ಹೊರಗೆ ಬಿಡುವುದು ಆಕೆಯ ಜನ್ಮದಲ್ಲೇ ಇರಲಿಲ್ಲ. ಬೀದಿಯ ಬೇರೆ ಹೆಂಗಸರದೂ ಅದೇ ರೂಢಿ. ಹಿಂದಿನ ಸಲವೂ ಹಾಗೆಯೇ ಮಾಡಿದ್ದರು. ಒಗೆಯದೆ ಇರುವುದು ಮಾತ್ರ ಆಕೆಗೆ ಉಪವಾಸವಿದ್ದಷ್ಟು ಕಷ್ಟವಾಯಿತು.

ಆ ವಾರಗಳಲ್ಲೇ ಮಗ ಒಂದು ಸಂಜೆ ಆಲೂಗಡ್ಡೆ ಸಿಪ್ಪೆ ಬಿಡಿಸುತ್ತಾ ಹೇಳಿಬಿಟ್ಟ. "ಅಮ್ಮ, ಸೋಲಾರ್ ಫಲಕ ಕೂರಿಸೋ ತರಬೇತಿಗೆ ಅರ್ಜಿ ಹಾಕಿದ್ದೀನಿ. ಅಪ್ಪಂಗೆ ನೀನು ಹೇಳು."

"ಅರ್ಜಿ ನಿಂದು, ಹೇಳೋದು ನಾನಾ? ಬೆಲ್ಟಿನ ಮೇಲೆ ಕಲ್ಲಿದ್ದಲು ಹೊರ್ತೀಯ, ನಾಲ್ಕು ಮಾತು ಹೊರೋಕಾಗಲ್ವಾ?"

ಅವನು ಹೇಳಿದ. ಯಜಮಾನರು ಕೂಗಾಡಲಿಲ್ಲ. "ಎತ್ತರದಲ್ಲಿ ಕೆಲಸ. ಸೊಂಟಕ್ಕೆ ಪಟ್ಟಿ ಸರಿಯಾಗಿ ಕಟ್ಕೋ," ಎಂದಷ್ಟೇ ಹೇಳಿ ಕಂಬಳಿ ಹೊದ್ದರು. ಎರಡು ವಾರದಿಂದ ಅವರಿಗೆ ರಾತ್ರಿಪಾಳಿ. ಬೆಳಗ್ಗೆ ಬಂದವರು ಹೆಂಡತಿಯ ಮುಖವನ್ನೂ ಸರಿಯಾಗಿ ನೋಡದೆ ಮಲಗುತ್ತಿದ್ದರು. ಊಟವೂ ಅಷ್ಟಕ್ಕಷ್ಟೇ.

ಮೂರನೇ ವಾರದ ಕೊನೆಗೆ ಸೊಸೆ ಬಟ್ಟೆಗಳನ್ನು ಮೇಜಿನ ಮೇಲೆ ಹರಡಿದಳು. ನಲವತ್ತೂ ಹೆಚ್ಚುಕಡಿಮೆ ಬಿಳಿ. ಬೀದಿಯ ಧೂಳು ಬಿಟ್ಟರೆ ಏನಿಲ್ಲ.

"ನೋಡಿದ್ಯಾ?" ಎಂದಳು ಜೊತೆಗೆ ಬಂದಿದ್ದ ದರ್ಜಿಯಮ್ಮ. "ಮತ್ತೆ ತೊಳೆದಿದ್ದಾಳೆ. ನಾನು ಅವತ್ತೇ ಬಡ್ಕೊಂಡೆ. ಹೋದ ಸಲ ಹತ್ತೇ ದಿನಕ್ಕೆ ಒಲೆಯ ಮಸಿಬಟ್ಟೆ ಥರ ಆಗಿತ್ತು."

"ನಾನು ಒಂದು ಹನಿ ನೀರು ಮುಟ್ಟಿಸಿಲ್ಲ," ಎಂದಳು ಲಾಂಡ್ರಿಯಮ್ಮ. "ಆಯೋಗದ ಮುದ್ರೆಯ ಶಾಯಿ ನೋಡು. ಒಗೆದಿದ್ರೆ ಹರಡ್ತಿರಲಿಲ್ವಾ?"

"ಮೂವತ್ತೆರಡು ವರ್ಷ ಒಗೆದ ಕೈ! ಶಾಯಿ ಹರಡ್ದೇ ಇರೋ ಹಾಗೆ ಒಗೆಯೋಕೆ ಬರಲ್ವಾ?"

"ದರ್ಜಿಯಮ್ಮ, ಸುಮ್ನಿರಿ," ಎಂದಳು ಸೊಸೆ. ಆದರೆ ಒಂದು ಬಟ್ಟೆಯನ್ನು ಎತ್ತಿ ಮೂಗಿನ ಹತ್ತಿರ ತಂದಳು, ಸಾಬೂನಿನ ವಾಸನೆ ಇದೆಯೇ ಎಂದು. ಕೂಡಲೇ ನಾಚಿಕೊಂಡು ಕೆಳಗಿಟ್ಟಳು.

ಲಾಂಡ್ರಿಯಮ್ಮ ಅದನ್ನು ನೋಡಿದಳು. ಇಡೀ ಬೀದಿ ಅಂದಿದ್ದು ಒಂದು ತೂಕ, ಇದು ಒಂದು ತೂಕ. ಬಟ್ಟೆಗಳನ್ನು ಒಟ್ಟು ಮಾಡತೊಡಗಿದಳು. ಎಣಿಸುತ್ತಾ ಹದಿನೇಳಕ್ಕೆ ಬಂದಾಗ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದಳು, ಮತ್ತೆ ತಪ್ಪಿತು.

ಒಳಕೋಣೆಯಲ್ಲಿ ಯಜಮಾನರು ಮಲಗಿದ್ದರು. ಮಲಗಿದ್ದರು ಎಂದೇ ಎಲ್ಲರೂ ತಿಳಿದಿದ್ದರು. ಕಂಬಳಿ ಸರಿಸಿ ಎದ್ದು, ರಾತ್ರಿಪಾಳಿಯ ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದರು. ಹೊತ್ತು ಮುಳುಗಲು ಇನ್ನೂ ಒಂದು ಗಂಟೆಯಿತ್ತು.

"ಅವಳು ಒಗೆದಿಲ್ಲ," ಎಂದರು.

"ನೀವು ಅವಳ ಪರಾನೇ ಹೇಳ್ತೀರಿ ಬಿಡಿ ಅಣ್ಣ," ಎಂದಳು ದರ್ಜಿಯಮ್ಮ.

"ಬಾಯ್ಲರಿನ ಕೊಳವೆಗೆ ಮಸಿ ಕಟ್ಟತ್ತೆ. ದಿನಾ ಒಂದು ಸಲ ಹಬೆ ಬಿಟ್ಟು ಊದ್ಬೇಕು. ಬೂದಿ ಹಿಡಿಯೋ ಯಂತ್ರ ಹಳೇದು, ಎಲ್ಲಾನೂ ಹಿಡಿಯಲ್ಲ. ಮಿಕ್ಕಿದ್ದು ಚಿಮಣಿಯಿಂದ ನಿಮ್ಮ ಕಿಟಕಿಗೆ. ಇಷ್ಟು ವರ್ಷ ಮಧ್ಯಾಹ್ನ ಎರಡು ಗಂಟೆಗೆ ಊದ್ತಿದ್ವಿ." ಅವರು ನಿಲ್ಲಿಸಿದರು. "ವಿಚಾರಣೆ ಆದ ಮಾರನೇ ದಿನ ಆರ್ಡರ್ ಬಂತು. ಇನ್ಮೇಲೆ ರಾತ್ರಿ ಊದಿ ಅಂತ. ಬಟ್ಟೆಗಳನ್ನ ಸಂಜೆ ಒಳಗೆ ತರ್ತಾರೆ ಅನ್ನೋದು ಅವರಿಗೆ ಗೊತ್ತಿದೆ."

"ಎರಡು ವಾರದಿಂದ ನಿಮ್ಮದೇ ಅಲ್ವಾ ರಾತ್ರಿಪಾಳಿ?" ಎಂದಳು ಲಾಂಡ್ರಿಯಮ್ಮ.

"ಹೂಂ. ನಾನೇ ಊದ್ತಾ ಇದ್ದೀನಿ."

ಬೀದಿಯಲ್ಲಿ ಒಂದು ಸೈಕಲ್ ಗಂಟೆ ಬಾರಿಸುತ್ತಾ ಹೋಯಿತು.

"ಇವತ್ತು ಬಿಚ್ಚಿಕೊಂಡು ಬಂದಿದ್ದನ್ನ ಮತ್ತೆ ಕಟ್ಟು," ಎಂದರು ಯಜಮಾನರು ಹೆಂಡತಿಗೆ. "ರಾತ್ರಿ ಒಳಗೆ ತರಬೇಕು ಅಂತ ಆಯೋಗದ ಕಾಗದದಲ್ಲಿ ಎಲ್ಲೂ ಇಲ್ಲ. ನಾನು ಓದಿದ್ದೀನಿ. ಇನ್ನೂ ಮೂರು ವಾರ ಇದೆ, ಹೊರಗೇ ಇರಲಿ."

"ರೀ, ಎರಡು ವರ್ಷ ಇದೆ ನಿಮಗೆ. ಯಾರು ಹೇಳಿದ್ದು ಅಂತ ಅವರಿಗೆ ತಿಳಿಯದೆ ಇರತ್ತಾ? ಪಿಂಚಣಿಗೆ ಕಲ್ಲು ಹಾಕ್ಕೋಬೇಡಿ. ಇದು ನನಗೇ ಹೊಳೀತು ಅಂತೀನಿ. ಎಲ್ಲರೂ ನಂಬ್ತಾರೆ."

"ನಿನಗೆ ಹೊಳೀತಾ? ಸಂಜೆ ಮೇಲೆ ಬಟ್ಟೆ ಹೊರಗೆ ಬಿಡೋದು?" ಯಜಮಾನರಿಗೆ ಆ ಸ್ಥಿತಿಯಲ್ಲೂ ನಗು ಬಂತು. "ಈ ಬೀದಿಯಲ್ಲಿ ಒಂದು ನಾಯೀನೂ ನಂಬಲ್ಲ ಕಣೇ."

ಅವರು ಬಟ್ಟೆಗಳ ಅರ್ಧ ಗಂಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಲಾಂಡ್ರಿಯಮ್ಮ ಉಳಿದರ್ಧ ಹಿಡಿದು ಹಿಂದೆ ಓಡಿದಳು. ಮನೆಯಿಂದ ಮನೆಗೆ, ಆಕೆ ಚೀಟಿ ಓದುವುದು, ಅವರು ಕಟ್ಟುವುದು. ಸ್ಥಾವರದ ನೀಲಿ ಅಂಗಿ ತೊಟ್ಟವರು ಹೀಗೆ ಕಿಟಕಿ ಕಿಟಕಿಗೆ ನಿಂತದ್ದನ್ನು ಬೀದಿ ಬಾಯಿಬಿಟ್ಟು ನೋಡಿತು. ಪಾಳಿಗೆ ಹೊರಟ ಇಬ್ಬರು ಸಹೋದ್ಯೋಗಿಗಳೂ ಸೈಕಲ್ ನಿಲ್ಲಿಸಿ ನೋಡಿದರು. ಯಜಮಾನರು ಅವರಿಗೆ ತಲೆಯಾಡಿಸಿ ಮುಂದಿನ ಗಂಟು ಹಾಕಿದರು.

ಸೊಸೆ ಟಿಪ್ಪಣಿ ಪುಸ್ತಕ ಹಿಡಿದು ಓಡಿ ಬಂದು ಸೇರಿಕೊಂಡಳು. ಬಟ್ಟೆ ಕಟ್ಟುವ ಕ್ರಮದಲ್ಲಿ ಏನೇ ಬದಲಾವಣೆಯಾದರೂ ದಿನಾಂಕ, ಕಾರಣ, ಸಲಹೆ ಕೊಟ್ಟವರು ಯಾರು ಎಂಬುದನ್ನು ಬರೆಯಬೇಕೆಂಬುದು ಆಯೋಗದ ಷರತ್ತು.

"ಮಾವ," ಎಂದಳು. ಪೆನ್ನು ಹಾಳೆಯ ಮೇಲಿತ್ತು, ಚಲಿಸಲಿಲ್ಲ. "ಯಾರು ಹೇಳಿದ್ದು ಅನ್ನೋ ಕಡೆ ಖಾಲಿ ಬಿಡಬಹುದು. ಏನಾದ್ರೂ ಆದ್ರೆ ನಾನು ನೋಡ್ಕೋತೀನಿ."

ಯಜಮಾನರು ಕಿಟಕಿಯ ಸರಳಿಗೆ ಎರಡನೇ ಗಂಟು ಬಿಗಿದರು. ಕೈಗೆ ಸ್ವಲ್ಪ ಮಸಿ ಹತ್ತಿತ್ತು.

"ಖಾಲಿ ಬಿಟ್ರೆ ಮತ್ತೆ ನಿಮ್ಮತ್ತೆ ತಲೆಗೇ ಕಟ್ತಾರೆ. ಬರ್ಕೋ ತಾಯಿ. ಬಾಯ್ಲರ್ ಪಾಳಿ ಮೇಲ್ವಿಚಾರಕ ಹೇಳಿದ್ದು ಅಂತಾನೇ ಬರ್ಕೋ."